ಶನಿವಾರಕ್ಕೆ ಹಿಟ್ಟು ಮೊದಲೇ ಕಲಸಿಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ಕದ್ರಿಯ ನಮ್ಮ ಮನೆಗೆ ಬೇಕಿಂಗ್‌ಗೆ ಬರುವವರು ಕುಕ್ಕಿ ಹಿಟ್ಟನ್ನು ಗುರುವಾರವೇ ಕಲಸಿ ಫ್ರಿಜ್ಜಿನಲ್ಲಿಡಿ. ನಮ್ಮ ಮಂಗಳೂರಿನ ಸೆಕೆ ಗೊತ್ತಲ್ವಾ? ಆಗಷ್ಟೇ ಕಲಸಿದ ಹಿಟ್ಟಿನ ಬೆಣ್ಣೆ ಬೇಗ ಕರಗಿ, ಕುಕ್ಕಿ ನೀರುದೋಸೆಯಷ್ಟು ತೆಳ್ಳಗೆ ಹರಡುತ್ತದೆ. ಕಳೆದ ಸಲ ನನ್ನ ಟ್ರೇ ಪೂರ್ತಿ ಒಂದೇ ಕುಕ್ಕಿ ಆಗಿತ್ತು!

ಹಿಟ್ಟನ್ನು ಲಟ್ಟಣಿಗೆ ದಪ್ಪಕ್ಕೆ ಉರುಟಾಗಿ ಹೊಸೆದು, ಬಟರ್ ಪೇಪರ್ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಪಕ್ಕದ ಬಂಗುಡೆ ಸಾರಿನ ವಾಸನೆಯನ್ನು ಬೆಣ್ಣೆ ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ 3 ದಿನ, ಫ್ರೀಜರ್‌ನಲ್ಲಿ 2 ತಿಂಗಳು ಚೆನ್ನಾಗಿರುತ್ತದೆ. ಫ್ರೀಜರ್‌ನಿಂದ ತೆಗೆದದ್ದು ಚಾಕು ಇಳಿಯುವಷ್ಟು ಮೆತ್ತಗಾದ ಕೂಡಲೇ ಕತ್ತರಿಸಿ. ಬೇಯಲು ಒಂದೆರಡು ನಿಮಿಷ ಜಾಸ್ತಿ ಬೇಕು.

ರೋಲ್‌ನ ಯೀಸ್ಟ್ ಹಿಟ್ಟು ಶುಕ್ರವಾರ ರಾತ್ರಿ ನಾದಿದರೆ ಸಾಕು. ದೊಡ್ಡ ಪಾತ್ರೆಯನ್ನೇ ತಗೊಳ್ಳಿ, ಫ್ರಿಜ್ಜಿನೊಳಗೂ ಅದು ನಿಧಾನಕ್ಕೆ ಉಬ್ಬುತ್ತದೆ. ಉಂಡೆ ಕಟ್ಟುವುದು ಇಲ್ಲೇ. ಹಿಟ್ಟು ತಣ್ಣಗಿರುವುದರಿಂದ ಮತ್ತೆ ಉಬ್ಬಲು ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ರೋಲ್‌ನವರು 9ಕ್ಕೇ ಬನ್ನಿ.

ಸುರತ್ಕಲ್ ಕಡೆಯಿಂದ ಬಸ್ಸಲ್ಲಿ ಬರುವವರು ಡಬ್ಬಿಯ ಜೊತೆ ಐಸ್ ಇಟ್ಟುಕೊಳ್ಳಿ. ರಾತ್ರಿ ಕರೆಂಟ್ ಹೋಗಿ ಮೊಟ್ಟೆ ಹಾಕಿದ ಹಿಟ್ಟು ಗಂಟೆಗಟ್ಟಲೆ ಬೆಚ್ಚಗಿದ್ದರೆ ಬಿಸಾಡಿಬಿಡಿ, ನನ್ನ ಹತ್ತಿರ ಹೆಚ್ಚುವರಿ ಹಿಟ್ಟು ಇದೆ.