ಭಾನುವಾರದ ಚರ್ಚೆ: ನಾಗವಲ್ಲಿಗೆ ತೆಲುಗು ಏಕೆ?

ಸದಸ್ಯರ ಗಮನಕ್ಕೆ. ಈ ಭಾನುವಾರ ಸಂಜೆ ನಾವು 2004ರ ‘ಆಪ್ತಮಿತ್ರ’ ಚಿತ್ರವನ್ನು ಚರ್ಚಿಸಲಿದ್ದೇವೆ. ಯಾವ ದೃಶ್ಯಕ್ಕೆ ಎಷ್ಟು ಹೆದರಿದೆವು ಎಂಬುದನ್ನು ಒಂದೆರಡು ಸಾಲಿನಲ್ಲಿ ಮುಗಿಸಿ, ಆ ಹೆದರಿಕೆ ಎಲ್ಲಿಂದ ಹುಟ್ಟಿತು ಎಂಬುದನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇದರ ಮೂಲವಾದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಹಳೆಯ ತರವಾಡು ಮನೆಯನ್ನು (ಕೇರಳದ ಕೂಡುಕುಟುಂಬದ ಪೂರ್ವಿಕರ ಮನೆ) ಕಾಡುವ ನರ್ತಕಿ ನಾಗವಲ್ಲಿ ತಮಿಳಿನವಳು, ಕನ್ನಡಕ್ಕೆ ಬಂದಾಗ ಅವಳು ತೆಲುಗಿನವಳಾದಳು, 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯಾದಾಗಲೂ ‘ರಾ ರಾ’ ಎಂದು ತೆಲುಗಿನಲ್ಲೇ ಕರೆದಳು. ದೆವ್ವಕ್ಕೆ ಪ್ರತಿ ಸಲವೂ ಪಕ್ಕದವರ ಭಾಷೆಯನ್ನೇ ಕೊಡುವುದು ಕೇವಲ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಮೈಮೇಲೆ ಬಂದಂತಾಗುವ ಸೌಂದರ್ಯ ಅವರ ಗಂಗಾ, ಗಂಡನೊಡನೆ ಮಾತನಾಡುತ್ತಲೇ ದನಿ ಬದಲಾಗಿ ಮಂಚವನ್ನು ಒಂದೇ ಕೈಯಲ್ಲಿ ಎತ್ತುವ ದೃಶ್ಯವನ್ನು ಮತ್ತೊಮ್ಮೆ ನೋಡಿ: ಅಲ್ಲಿ ಬೆಚ್ಚಿಬೀಳಿಸುವುದು ಮಂಚವಲ್ಲ, ಅದುವರೆಗೆ ಮೆದುವಾಗಿದ್ದ ಸೊಸೆಯ ಬಾಯಿಂದ ಹೊರಟ ಏಕವಚನ.

ಇನ್ನೊಂದು ಅಂಶ. ಚಿತ್ರ ಇದನ್ನು ದೆವ್ವವೆನ್ನದೆ ಮನಸ್ಸಿನ ಕಾಯಿಲೆ ಎನ್ನುತ್ತದೆ. ಆದರೂ ಮನೋವೈದ್ಯನಿಗೆ ಚಿಕಿತ್ಸೆಯ ಹೊತ್ತಿನಲ್ಲಿ ದೆವ್ವ ಬಿಡಿಸುವ ಆಚಾರ್ಯರ ನೆರವು ಬೇಕಾಗುತ್ತದೆ. ಈ ರಾಜಿ ಜಾಣತನವೋ ಪುಕ್ಕಲುತನವೋ ಎಂಬುದೇ ಅಂದಿನ ಮುಖ್ಯ ಪ್ರಶ್ನೆ. (ನನ್ನ ಮತ ಎರಡನೆಯದಕ್ಕೆ.)

ಮೈಮೇಲೆ ಬರುವುದನ್ನು ಮನೆಯಲ್ಲಿ ಕಂಡವರು ಹೆಸರು ಹೇಳದೆ ಬರೆಯಿರಿ. ದೃಶ್ಯದ ತುಣುಕುಗಳನ್ನು ರಾತ್ರಿ ಹತ್ತರ ಮೇಲೆ ಹಾಕಬೇಡಿ.