ಟೈರ್ ಬಿಲ್ಲಿನಲ್ಲಿ ನಾಲ್ಕು ಅಂಕಿ ಬರೆದುಕೊಡಿ

ಮಾನ್ಯ ಸಂಪಾದಕರೇ,

ನಾನು ಕುಮಟಾದವಳು. ಮನೆಯಲ್ಲೇ ಮುರುಗಲ (ಕೋಕಂ) ಸಿರಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಹೊನ್ನಾವರದಿಂದ ಕಾರವಾರದವರೆಗೆ ಅಂಗಡಿಗಳಿಗೆ ಹಾಕುತ್ತೇನೆ. ಡ್ರೈವರ್ ಇಟ್ಟುಕೊಳ್ಳುವಷ್ಟು ದೊಡ್ಡ ವ್ಯಾಪಾರವಲ್ಲ. ಸಣ್ಣ ಕಾರಿದೆ, ಹಿಂದಿನ ಸೀಟು ಮಡಚಿ ಬಾಟಲಿ ತುಂಬಿಸಿಕೊಂಡು ನಾನೇ ಓಡಿಸುತ್ತೇನೆ.

2024ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾರವಾರಕ್ಕೆ ಹೊರಟಿದ್ದೆ. ಮಿರ್ಜಾನ್ ದಾಟುವಾಗ ಸ್ಟೇರಿಂಗ್ ನಡುಗತೊಡಗಿತು. ಮೊದಲು ರಸ್ತೆಯದ್ದೇ ತಪ್ಪು ಅಂದುಕೊಂಡೆ. ನಮ್ಮ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಸಹಜ ಅಲ್ವಾ? ಆದರೆ ಡಾಂಬರು ನುಣ್ಣಗಿದ್ದಲ್ಲೂ ನಡುಕ ನಿಲ್ಲಲಿಲ್ಲ. ಹಿಂದೆ ಬಾಟಲಿಗಳೆಲ್ಲ ಕಿಣಿಕಿಣಿ. ನಿಧಾನವಾಗಿ ಹಿರೇಗುತ್ತಿ ಕಡೆಗೆ ಹೋಗಿ ಒಂದು ಪಂಕ್ಚರ್ ಅಂಗಡಿ ಎದುರು ನಿಲ್ಲಿಸಿದೆ.

ಅಲ್ಲಿಯ ಹುಡುಗ ಏನೂ ಕೇಳಲಿಲ್ಲ. ಎಡಗಡೆ ಮುಂದಿನ ಟೈರಿನ ಮೇಲೆ ಕೈಯಾಡಿಸಿದ. "ಅಕ್ಕಾ, ಇದಕ್ಕೆ ಹೊಟ್ಟೆ ಬಂದಿದೆ" ಅಂದ. ನೋಡಿದರೆ ಟೈರಿನ ಮಗ್ಗುಲಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಒಳಗಿನ ದಾರಗಳು ಹರಿದಾಗ ಗಾಳಿ ರಬ್ಬರನ್ನು ಹೀಗೆ ಹೊರಗೆ ದೂಡುತ್ತದಂತೆ. ಅದೇ ಟೈರಿನಲ್ಲಿ 80ರ ವೇಗದಲ್ಲಿ ಹೋಗಿದ್ದರೆ ಎಲ್ಲಿ ಬೇಕಾದರೂ ಒಡೆಯಬಹುದಿತ್ತು. ಚಕ್ರ ಕಳಚಿ ತಿರುಗಿಸಿದ. ಗಾಡಿಯ ಒಳಮಗ್ಗುಲಿಗೆ ಇದ್ದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಮಣ್ಣಿನಡಿಯಿಂದ ನಾಲ್ಕು ಅಂಕಿ ಎದ್ದು ಬಂದವು: 3419.

"ಮೂವತ್ನಾಲ್ಕನೇ ವಾರ, ಹತ್ತೊಂಬತ್ತನೇ ಇಸವಿ" ಎಂದು ಓದಿದ. ಎಂದರೆ 2019ರ ಆಗಸ್ಟ್. ನಾನು ಆ ಜೋಡಿ ಟೈರುಗಳನ್ನು ಹೊಸತು ಅಂತ ಖರೀದಿ ಮಾಡಿದ್ದು 2023ರ ಮೇ ತಿಂಗಳಲ್ಲಿ. ನಾನು ಹಣ ಎಣಿಸುವಾಗಲೇ ಅವಕ್ಕೆ ಹತ್ತಿರ ಹತ್ತಿರ ನಾಲ್ಕು ವರ್ಷ. ನೆಲಕ್ಕೆ ತಾಗುವ ರಬ್ಬರ್ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಬೇಸಿಗೆಯಲ್ಲಿ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿದವರ ಹಿಮ್ಮಡಿ ನೋಡಿದ್ದೀರಲ್ಲ, ಥೇಟ್ ಹಾಗೆ. ಓಡಿದ್ದು 14,000 ಕಿಲೋಮೀಟರು ಮಾತ್ರ. ಕಾರಿನ ಜೊತೆಗೇ ಬಂದಿದ್ದ ಮೊದಲ ಟೈರುಗಳು 42,000 ಓಡಿದ್ದವು.

ಮನೆಗೆ ಬಂದವಳೇ ಗೋಣಿತಾಟು ಹಾಸಿ, ಅಂಗಳದಲ್ಲಿ ಮಲಗಿ, ಮೊಬೈಲ್ ಟಾರ್ಚ್ ಹಿಡಿದು ಬಲಗಡೆಯದನ್ನೂ ಓದಿದೆ. ಅದೂ ಅದೇ ವಾರದ್ದು. ಈ ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಮಗ್ಗುಲಿಗೆ ಇರುತ್ತದೆ. ಆ ಮಗ್ಗುಲು ಒಳಗೆ ಹೋಗುವಂತೆ ಕೂರಿಸಿದರೆ ಮುಗಿಯಿತು, ಸೀರೆ ಉಟ್ಟ ಹೆಂಗಸು ಅದನ್ನು ಓದುವುದು ಹೇಗೆ ನೀವೇ ಹೇಳಿ.

ಸಂಪಾದಕರೇ, ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ನಾನು 120 ರೂಪಾಯಿಯ ಮುರುಗಲ ಬಾಟಲಿಗೆ ತಯಾರಿಸಿದ ತಾರೀಖು, ಬ್ಯಾಚ್ ನಂಬರು, ಎಷ್ಟು ತಿಂಗಳೊಳಗೆ ಬಳಸಬೇಕು ಎಲ್ಲ ಅಚ್ಚು ಹಾಕಬೇಕು. ಒಂದು ಸಲ ತಾರೀಖಿನ ಶಾಯಿ ಅಳಿಸಿಹೋಗಿತ್ತು ಅಂತ ಅಂಕೋಲಾದ ಅಂಗಡಿಯವರು ಇಡೀ ಪೆಟ್ಟಿಗೆ ವಾಪಸ್ ಕಳಿಸಿದ್ದರು. ಸರಿಯಾಗಿಯೇ ಮಾಡಿದರು. ಹಾಗಾದರೆ 4,800 ರೂಪಾಯಿಯ ಟೈರಿನ ತಾರೀಖು ಮಾತ್ರ ಯಾಕೆ ಗಿರಾಕಿಯ ಕಣ್ಣಿಗೆ ಬೀಳಬಾರದು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಲಗಡೆಯ ಟೈರು ಒಳಅಂಚಿನಲ್ಲಿ ಮಾತ್ರ ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಗುಂಡುಗುಂಡಗೆ ಚೆನ್ನಾಗಿಯೇ ಇತ್ತು. ಅದು ಟೈರಿನ ದೋಷವಲ್ಲ, ಅಲೈನ್‌ಮೆಂಟಿನದು, ಎಂದರೆ ಚಕ್ರ ನೇರಕ್ಕೆ ಕೂತಿರಲಿಲ್ಲ. ಜೂನ್ ತಿಂಗಳಲ್ಲಿ ಸರ್ವೀಸ್ ರಸ್ತೆಯ ನೀರು ತುಂಬಿದ ಹೊಂಡಕ್ಕೆ ಧಡ್ ಅಂತ ಬಿದ್ದಿದ್ದೆ. ಆಮೇಲೆ ಕಾರು ಒಂದು ಕಡೆಗೆ ಎಳೆಯುತ್ತಿತ್ತು. ನಾಳೆ ಮಾಡಿಸೋಣ, ನಾಡಿದ್ದು ಮಾಡಿಸೋಣ ಅಂತ ಮುಂದೂಡಿದೆ. ಐನೂರು ರೂಪಾಯಿ ಉಳಿಸಲು ಹೋಗಿ ಒಂದು ಟೈರು ಕಳೆದುಕೊಂಡೆ. ಅದರ ಲೆಕ್ಕವನ್ನು ನಾನು ಯಾರ ಮೇಲೂ ಹಾಕುವುದಿಲ್ಲ.

ಉಬ್ಬಿದ ಟೈರಿನ ವಿಷಯ ಬೇರೆ. ಅದನ್ನು ಮಾರಿದ ಅಂಗಡಿಯವರ ಹತ್ತಿರವೇ ತೆಗೆದುಕೊಂಡು ಹೋದೆ. "ಸ್ಟಾಕ್ ಟೈರಿಗೆ ಏನೂ ಆಗುವುದಿಲ್ಲ ಮೇಡಂ, ಓಡಿದ್ದರೆ ತಾನೇ ಸವೆಯುವುದು" ಅಂದರು. ಮಾತಿನಲ್ಲಿ ಅರ್ಧ ನಿಜವಿದೆ. ಕತ್ತಲೆಯ, ತಂಪಾದ ಗೋದಾಮಿನಲ್ಲಿ ಇಟ್ಟ ಟೈರು ಸ್ವಲ್ಪ ಕಾಲ ಚೆನ್ನಾಗಿಯೇ ಇರುತ್ತದೆ. ಆದರೆ ರಬ್ಬರು ಓಡದೆಯೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿಲು, ಸೆಕೆ ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಈ ಅಂಗಡಿಯಲ್ಲಿ ಟೈರುಗಳನ್ನು ಪೇರಿಸಿದ್ದು ಎಲ್ಲಿ ಗೊತ್ತೇ? ರಸ್ತೆ ಬದಿಗೆ, ತಗಡಿನ ಮಾಡಿನಡಿಗೆ, ಪಡುಗಡೆಗೆ ಮುಖ ಮಾಡಿ. ಮಧ್ಯಾಹ್ನ ಮೂರರ ಮೇಲೆ ಪೂರಾ ಬಿಸಿಲು ಅಲ್ಲಿಯೇ.

ಅಂಗಡಿಯವರು ಫೋಟೋ ತೆಗೆದು ಕಂಪನಿಗೆ ಕಳಿಸಿದರು. ಎಂಟು ದಿನದ ಮೇಲೆ ವಾಟ್ಸಾಪಿನಲ್ಲಿ ಎರಡು ಸಾಲು ಬಂತು. ಹೊರಗಿನ ಪೆಟ್ಟಿನಿಂದ ಆದದ್ದು, ತಯಾರಿಕೆಯ ದೋಷವಲ್ಲ. ವಾರಂಟಿಯೂ ಮುಗಿದಿದೆ. ವಾರಂಟಿ ಹೇಗೆ ಮುಗಿಯಿತು ಅಂತ ಕಾರ್ಡು ಹುಡುಕಿ ತೆಗೆದೆ. ಐದು ವರ್ಷ ಅಂತ ದಪ್ಪ ಅಕ್ಷರದಲ್ಲಿ ಇತ್ತು. ತಯಾರಾದ ದಿನದಿಂದ ಅಂತ ಇರುವೆಯಂಥ ಅಕ್ಷರದಲ್ಲಿ ಇತ್ತು. 2019ರ ಆಗಸ್ಟಿನಿಂದ ಐದು ವರ್ಷ 2024ರ ಆಗಸ್ಟಿಗೆ ಸರಿಯಾಯಿತು. ಉಬ್ಬು ಕಂಡದ್ದು ಸೆಪ್ಟೆಂಬರಿನಲ್ಲಿ. ಐದು ವರ್ಷದ ವಾರಂಟಿಯಲ್ಲಿ ನನ್ನ ಪಾಲಿಗೆ ಬಂದದ್ದು ಹದಿನೈದೇ ತಿಂಗಳು. ಉಳಿದದ್ದನ್ನು ತಗಡಿನ ಮಾಡು ತಿಂದಿತ್ತು.

ಹೊರಗಿನ ಪೆಟ್ಟು ಅನ್ನುವುದನ್ನು ನಾನು ಪೂರಾ ಅಲ್ಲಗಳೆಯುವುದಿಲ್ಲ. ಹೊಂಡಕ್ಕೆ ಬಿದ್ದರೆ ಒಳಗಿನ ದಾರ ಹರಿಯುವುದು ಉಂಟು. ಆದರೆ ನಾನು ಬಿದ್ದ ಹೊಂಡ ಬಲಗಡೆಯದು, ಉಬ್ಬಿದ್ದು ಎಡಗಡೆಯ ಟೈರು. ಇದನ್ನು ಹೇಳಿಕೊಳ್ಳಲು ಕಂಪನಿಯ ಕಡೆಯಿಂದ ಮನುಷ್ಯರೇ ಇರಲಿಲ್ಲ. ಟೈರನ್ನು ಕಳಚಿ ಒಳಮಗ್ಗುಲು ನೋಡಿದವರೂ ಇಲ್ಲ. ಬರೀ ಫೋಟೋ ನೋಡಿದ ಡಾಕ್ಟರು. ಆ ಎರಡು ಸಾಲನ್ನೇ ಕಾಗದದ ಮೇಲೆ ಸಹಿ ಹಾಕಿ ಕೊಡಿ ಅಂದರೆ "ಹಾಗೆಲ್ಲ ಕೊಡುವ ಪದ್ಧತಿ ಇಲ್ಲ" ಅಂತ ಅಂಗಡಿಯವರು ಅಂದರು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿ ದೂರು ಬರೆದುಕೊಂಡರು. ಕಂಪನಿಯಿಂದ ಮತ್ತೆ ಅದೇ ಎರಡು ಸಾಲು. ಇನ್ನು ಉಳಿದದ್ದು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು, ವಕೀಲರು ಬೇಕೇಬೇಕೆಂದೂ ಇಲ್ಲ. ಇದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ, ಅದಕ್ಕೇ ಬರೆದೆ. ಆದರೆ 4,800 ರೂಪಾಯಿಗೋಸ್ಕರ ಎಷ್ಟು ಸಲ ಕಾರವಾರಕ್ಕೆ ಅಲೆಯಲಿ ಅನ್ನುವುದೂ ಒಂದು ಲೆಕ್ಕವೇ. ಬಹುಶಃ ಕಂಪನಿಯವರೂ ಅದೇ ಲೆಕ್ಕ ಹಾಕಿರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಟೈರು ಮಾರುವವರು ಬಿಲ್ಲಿನಲ್ಲಿ ಆ ನಾಲ್ಕು ಅಂಕಿ ಬರೆಯಬೇಕು. ಹಳೆಯ ಸ್ಟಾಕ್ ಮಾರಲೇಬೇಡಿ ಅನ್ನುವುದಿಲ್ಲ. ವಯಸ್ಸು ಹೇಳಿ, ದರ ಇಳಿಸಿ ಮಾರಿ, ಬೇಕಾದವರು ಒಯ್ಯುತ್ತಾರೆ. ವಾರಂಟಿ ಬಿಲ್ಲಿನ ದಿನದಿಂದ ಶುರುವಾಗಬೇಕು. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಬೇಕು. ಆಹಾರದ ಪೊಟ್ಟಣಕ್ಕೆ ಇಷ್ಟೆಲ್ಲ ಕಾಯ್ದೆ ಮಾಡಿದ ಸರ್ಕಾರಕ್ಕೆ ಇದೊಂದು ಕಷ್ಟವೇ?

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಿ. ಟೈರನ್ನು ಚಕ್ರಕ್ಕೆ ಹಾಕುವ ಮೊದಲೇ ಎರಡೂ ಮಗ್ಗುಲು ತಿರುಗಿಸಿ ನೋಡಿ. ಕೂರಿಸಿದ ಮೇಲೆ ಕೇಳಿದರೆ "ಈಗ ತೆಗೆಯೋಕಾಗಲ್ಲ" ಅನ್ನುತ್ತಾರೆ. ಹಾಗೆಯೇ ಪಟ್ಟಿಗಳ ನಡುವಿನ ಸಂದಿಯಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ. ಅವು 1.6 ಮಿಲಿಮೀಟರ್ ಎತ್ತರ. ಪಟ್ಟಿ ಸವೆದು ಅವುಗಳ ಸಮಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲೇ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬೋಳು ಟೈರು ಆ ನೀರನ್ನು ಹೊರಗೆ ಚೆಲ್ಲುವುದಿಲ್ಲ, ದೋಣಿಯ ಹಾಗೆ ತೇಲುತ್ತದೆ. ಅಷ್ಟು ಹೊತ್ತಿಗೆ ಬ್ರೇಕು ಒತ್ತಿ ಏನೂ ಪ್ರಯೋಜನವಿಲ್ಲ.

ನಾನು ಬೇರೆ ಅಂಗಡಿಯಲ್ಲಿ ಹೊಸ ಜೋಡಿ ಹಾಕಿಸಿದೆ. ಒಂದರ ಅಂಕಿ 2224, ಇನ್ನೊಂದರದ್ದು 2024, ಎಂದರೆ 2024ರ ಇಪ್ಪತ್ತೆರಡನೇ ಮತ್ತು ಇಪ್ಪತ್ತನೇ ವಾರದವು. ಬಿಲ್ಲಿನಲ್ಲಿ ಬರೆದುಕೊಡಿ ಅಂದಾಗ ಅಲ್ಲಿಯವರು ನಕ್ಕರು, ಆದರೂ ಮೂಲೆಯಲ್ಲಿ ಪೆನ್ನಿನಿಂದ ಬರೆದು ಸೀಲು ಒತ್ತಿದರು. ಹೊಟ್ಟೆ ಬಂದ ಹಳೆಯ ಟೈರನ್ನು ಎಸೆದಿಲ್ಲ. ಕೊಟ್ಟಿಗೆಯ ಅಟ್ಟದ ಮೇಲೆ, ನೀರು ನಿಂತು ಸೊಳ್ಳೆಯಾಗದ ಹಾಗೆ ಮಗುಚಿ ಇಟ್ಟಿದ್ದೇನೆ. ಕಂಪನಿಯವರು ಯಾವತ್ತಾದರೂ ಕೈಯಿಂದ ಮುಟ್ಟಿ ನೋಡಲು ಬಂದರೆ ಏಣಿ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗಿತ್ತಿ,
ಕುಮಟಾ