ಸಹಿ ಹಾಕುವ ಮುನ್ನ

ಪ್ರೀತಿಯ ನಸೀಮಾ,

ಅಸ್ಸಲಾಮು ಅಲೈಕುಂ.

ಅಬ್ಬಾ ತೀರಿದ ನಲವತ್ತನೇ ದಿನದ ಚಾಳೀಸ್ವಾಂ ಮುಗಿಯುವ ಮೊದಲೇ ಹಕ್ಕು ಬಿಡುಗಡೆ ಪತ್ರ ತಯಾರಾಗಿದೆ, ಭಾಯಿ ಸಹಿ ಕೇಳುತ್ತಿದ್ದಾನೆ ಎಂದು ಬರೆದಿದ್ದೀಯ. ಒಡಹುಟ್ಟಿದವನ ಹತ್ತಿರ ಪಾಲು ಕೇಳುವ ಹೆಣ್ಣಿಗೆ ದೀನ್, ಅಂದರೆ ಧರ್ಮ, ಗೊತ್ತಿಲ್ಲ ಎಂದು ಮನೆಯಲ್ಲಿ ಯಾರೋ ಅಂದರಂತೆ. ಅವರ ಮುಂದೆ ಕುರ್‌ಆನಿನ ಸೂರಾ ನಿಸಾ ಅಧ್ಯಾಯದ 7ನೇ ಆಯತ್ (ವಚನ) ತೆಗೆದಿಡು. ತಂದೆತಾಯಿ ಮತ್ತು ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲುಂಟು, ಹೆಂಗಸರಿಗೂ ಪಾಲುಂಟು, ಕೊಂಚವಿರಲಿ ಹೆಚ್ಚಿರಲಿ ಅದು ನಿಗದಿಯಾದ ಪಾಲು ಎಂದು ಅಲ್ಲಿದೆ. ಲೆಕ್ಕ ಇರುವುದು 11 ಮತ್ತು 12ರಲ್ಲಿ. ಇವು ಅಲ್ಲಾಹನು ಹಾಕಿದ ಗಡಿಗಳು, ಮೀರಿದವನಿಗೆ ಬೆಂಕಿ ಎನ್ನುವುದು 13 ಮತ್ತು 14. ನಮಾಜು, ರೋಜಾಗೆ ಅಷ್ಟು ನಿಷ್ಠರಾದ ನಮ್ಮ ಜನ ಈ ಆಯತ್‌ಗಳ ಹತ್ತಿರ ಬಂದಾಗ ಕಣ್ಣುಮುಚ್ಚುತ್ತಾರೆ. ಇದು ನನಗೆ ತುಂಬಾ ನೋವಿನ ಸಂಗತಿ.

ಲೆಕ್ಕ ಹೀಗೆ. ಅಬ್ಬಾನ ತಂದೆತಾಯಿ ಈಗಿಲ್ಲ. ವಾರಸುದಾರರು ಅಮ್ಮಿ, ಭಾಯಿ, ನೀನು, ನಿನ್ನ ತಂಗಿ. ಮೊದಲು ಕಫನ್ ದಫನ್ ಖರ್ಚು, ಆಮೇಲೆ ಸಾಲ, ವಸಿಯ್ಯತ್ (ಉಯಿಲು) ಇದ್ದರೆ ಮೂರನೇ ಒಂದು ಭಾಗ ಮೀರದಂತೆ ಅದು. ‘ವಸಿಯ್ಯತ್ ಮತ್ತು ಸಾಲ ತೀರಿದ ಮೇಲೆ’ ಎಂಬ ಮಾತು 11 ಮತ್ತು 12ನೇ ಆಯತ್‌ಗಳಲ್ಲಿ ನಾಲ್ಕು ಸಲ ಬರುತ್ತದೆ. ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮಹರ್‌ನಲ್ಲಿ ಅಮ್ಮಿಗೆ ಉಧಾರ್ (ಕೊಡದೆ ಬಾಕಿ) ಉಳಿದಿದ್ದರೆ ಅದೂ ಸಾಲವೇ. ಪಾಲಿಗಿಂತ ಮುಂಚೆ ಅದು ಅವಳ ಕೈಗೆ ಹೋಗಬೇಕು, ಇದನ್ನು ಹೆಚ್ಚು ಕಡಿಮೆ ಎಲ್ಲರೂ ಮರೆಯುತ್ತಾರೆ. ಇಷ್ಟು ಕಳೆದು 32 ಲಕ್ಷ ಉಳಿಯಿತು ಎಂದಿಟ್ಟುಕೋ. ಅಮ್ಮಿಗೆ ಎಂಟನೇ ಒಂದು, ಅಂದರೆ 4 ಲಕ್ಷ. ಮಿಕ್ಕ 28 ಲಕ್ಷದಲ್ಲಿ ಭಾಯಿಗೆ 14, ನಿನಗೆ 7, ತಂಗಿಗೆ 7. ಪಿತ್ರಾರ್ಜಿತ, ಸ್ವಯಾರ್ಜಿತ ಎಂಬ ಭೇದ ನಮ್ಮ ಕಾನೂನಿನಲ್ಲಿಲ್ಲ. ಅಬ್ಬಾ ಕಣ್ಣುಮುಚ್ಚಿದ ಗಳಿಗೆಯಲ್ಲೇ ನಿನ್ನ ಪಾಲು ನಿನ್ನದಾಗಿದೆ. ಹೊಲವಿದ್ದರೆ ಮಾತ್ರ ವಕೀಲರನ್ನು ಬೇರೆಯಾಗಿ ಕೇಳು, 1937ರ ಶರೀಅತ್ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿತ್ತು.

‘ನಿನ್ನ ಮದುವೆಗೆ ಖರ್ಚು ಮಾಡಿದೆವಲ್ಲ, ಅಲ್ಲಿಗೆ ಪಾಲು ಮುಗಿಯಿತು’ ಎಂಬ ಮಾತು ಬಂದೇ ಬರುತ್ತದೆ. ಮದುವೆಯಲ್ಲಿ ಕೊಟ್ಟದ್ದು ತಂದೆಯ ಕೊಡುಗೆ. ವಾರಸಿನ ಹಕ್ಕು ಹುಟ್ಟುವುದೇ ತಂದೆ ತೀರಿದ ಮೇಲೆ, ಆದ್ದರಿಂದ ಅವರಿದ್ದಾಗ ‘ನನಗೆ ಬೇಡ’ ಅಂದಿದ್ದರೂ ಆ ಮಾತಿಗೆ ಬೆಲೆಯಿಲ್ಲ. ಹಕ್ಕು ಬಿಡುವುದಕ್ಕೆಂದೇ ಹಣ ತೆಗೆದುಕೊಂಡು ಬರೆದುಕೊಟ್ಟವಳ ವಿಷಯ ಬೇರೆ. ಅಂಥವಳು ಆಮೇಲೆ ಪಾಲು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಕಾಗದಪತ್ರ. ಮೋಸ ಆಗುವುದು ಹೆಚ್ಚಾಗಿ ಇಲ್ಲೇ. ಮೊದಲು ವಂಶವೃಕ್ಷ ನೋಡು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸಿದರೆ ಖಾತೆ ಒಬ್ಬನ ಹೆಸರಿಗೆ ಸಲೀಸಾಗಿ ಕೂರುತ್ತದೆ. ನಿನ್ನ ಮತ್ತು ತಂಗಿಯ ಹೆಸರಿಲ್ಲದಿದ್ದರೆ ಖಾತೆ ಬದಲಾಗುವ ಮೊದಲೇ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆ. ಮನೆಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಸಾಲ, ಮಾರಾಟ ಏನಾದರೂ ನಡೆದಿದೆಯೇ ನೋಡು. ಆಮೇಲೆ ಬಿಡುಗಡೆ ಪತ್ರವನ್ನು ಮನೆಗೆ ತಂದು ಪೂರ್ತಿ ಓದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಓದುವ ಕಾಗದವಲ್ಲ ಅದು. ‘ಪ್ರೀತಿ ವಿಶ್ವಾಸದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ’ ಎಂಬ ಸಾಲೋ, ಮುಟ್ಟದ ಹಣ ಮುಟ್ಟಿತೆಂಬ ಸಾಲೋ ಇದ್ದರೆ ಸಹಿ ಹಾಕಬೇಡ. ನಿಮಗೆ ಬೇಕಾದದ್ದು ವಿಭಾಗ ಪತ್ರ. ಭಾಯಿಗೆ ಮನೆ ಒಡೆಯಲು ಇಷ್ಟವಿಲ್ಲದಿದ್ದರೆ ನಿನ್ನ 7 ಲಕ್ಷ ಬ್ಯಾಂಕಿನ ಮೂಲಕ ಕೊಡಲಿ, ಆ ಮೊತ್ತವನ್ನೇ ಪತ್ರದಲ್ಲಿ ಕಾಣಿಸಿ ಬಿಡುಗಡೆ ಮಾಡು. ಅವನಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಪಾಲು ನಿನ್ನ ಕೈಸೇರಿದ ಮೇಲೆ ಕೊಡು.

ಮಗಳಿಗೆ ಮಗನ ಪಾಲಿನ ಅರ್ಧ ಏಕೆ ಎಂದೂ ಕೇಳಿದ್ದೀಯ. ಎಲ್ಲ ಕಡೆ ಅರ್ಧವಲ್ಲ. ಮಕ್ಕಳಿದ್ದವನ ತಂದೆಗೂ ತಾಯಿಗೂ ಸಮಸಮ ಆರನೇ ಒಂದು. ತಾಯಿ ಕಡೆಯ ಒಡಹುಟ್ಟಿದವರಲ್ಲಿ ಗಂಡು ಹೆಣ್ಣಿಗೆ ಸಮಪಾಲು. ಮಗ ಮಗಳ ನಡುವೆ ಎರಡಕ್ಕೊಂದು. ಮಹರ್ ಕೊಡುವವನು, ಸಂಸಾರ ಸಾಕುವವನು ಗಂಡಸು, ಹೆಣ್ಣಿನ ಪಾಲಿನ ಮೇಲೆ ಯಾರನ್ನೂ ಸಾಕುವ ಹೊಣೆಯಿಲ್ಲ ಎಂದು ಹಳೆಯ ವ್ಯಾಖ್ಯಾನಕಾರರು ಕಾರಣ ಕೊಟ್ಟರು. ಅರ್ಧ ಎನ್ನುವುದು ಕನಿಷ್ಠ ಮಿತಿ, ಅದಕ್ಕಿಂತ ಹೆಚ್ಚು ಕೊಡಬಹುದು ಎಂದು ಸಿರಿಯಾದ ಮುಹಮ್ಮದ್ ಶಹರೂರ್ ವಾದಿಸಿದರು. ದುಡಿದು ಅಮ್ಮಿಯ ಔಷಧಿ ಖರ್ಚು ನೋಡುವ ನಿನ್ನಂಥವರಿಗೆ ಆ ಹಳೆಯ ಕಾರಣ ಸಾಲುವುದಿಲ್ಲ, ಈ ಚರ್ಚೆ ನಡೆಯಲೇಬೇಕು. ಆದರೆ ಆ ಅರ್ಧವೂ ಕೈಗೆ ಸಿಗದ ಹೆಣ್ಣುಮಕ್ಕಳೇ ನಮ್ಮ ಸುತ್ತ ಜಾಸ್ತಿ, ಅದನ್ನು ಮೊದಲು ಪಡೆ.

ನನಗೆ ಹೆಚ್ಚು ಚಿಂತೆ ನಿನ್ನ ಇಬ್ಬರು ಹೆಣ್ಣುಮಕ್ಕಳದು. ಗಂಡುಮಗ ಇಲ್ಲದಿದ್ದರೆ ತಂದೆಯ ಆಸ್ತಿಯ ಒಂದು ಪಾಲು ಅವನ ಅಣ್ಣತಮ್ಮಂದಿರಿಗೆ ಹೋಗುತ್ತದೆ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್ ಶಹೀದರಾದಾಗ ಅವರ ಸಹೋದರ ಆಸ್ತಿಯನ್ನೆಲ್ಲ ಬಾಚಿಕೊಂಡ. ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಬಳಿ ಬಂದಳು. ಆಗ ಇಳಿದದ್ದು ಪಾಲಿನ ಲೆಕ್ಕ ಹೇಳುವ ಆಯತ್ ಎಂದು ಹದೀಸ್‌ನಲ್ಲಿದೆ. ಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು, ಉಳಿದದ್ದು ಚಾಚಾನಿಗೆ, ಅಂದರೆ ತಂದೆಯ ಸಹೋದರನಿಗೆ ಎಂದು ಪ್ರವಾದಿಯವರು ಹೇಳಿದರು. ಸುನ್ನಿಗಳು ಇಂದಿಗೂ ಇದನ್ನೇ ಹಿಡಿದಿದ್ದಾರೆ: 24ರಲ್ಲಿ 16 ಮಕ್ಕಳಿಗೆ, 3 ಹೆಂಡತಿಗೆ, 5 ಗಂಡನ ಅಣ್ಣತಮ್ಮಂದಿರಿಗೆ. ಅದೇ ಕುರ್‌ಆನ್ ಓದುವ ಶಿಯಾಗಳಲ್ಲಿ ಆ 5 ಹೆಣ್ಣುಮಕ್ಕಳಿಗೇ ಮರಳುತ್ತದೆ. ಸುನ್ನಿ ದೇಶವಾದ ಟ್ಯುನೀಸಿಯಾ 1959ರಲ್ಲೇ ಕಾನೂನು ತಿದ್ದಿ ಮಗಳಿದ್ದರೆ ಚಾಚಾನಿಗೆ ಪಾಲಿಲ್ಲ ಎಂದಿತು. ಹಾಗಾಗಿ ಇದರಲ್ಲಿ ಬೇರೆ ದಾರಿಯೇ ಇಲ್ಲ ಎಂದು ಯಾರಾದರೂ ಗದರಿದರೆ ಹೆದರಬೇಡ.

ನಿಮ್ಮೆದುರು ಎರಡು ದಾರಿಗಳಿವೆ. ಒಂದು, ನಿನ್ನ ಗಂಡ ಬದುಕಿರುವಾಗಲೇ ಮಕ್ಕಳಿಗೆ ಮಾಡುವ ಹಿಬಾ, ಅಂದರೆ ದಾನ. ಕೊಟ್ಟೆ ಎಂಬ ಘೋಷಣೆ, ತೆಗೆದುಕೊಂಡೆ ಎಂಬ ಒಪ್ಪಿಗೆ, ಸ್ವಾಧೀನ, ಮೂರೂ ಆಗಬೇಕು. ‘ನನ್ನ ಕಾಲಾನಂತರ ಮಕ್ಕಳಿಗೆ’ ಎಂದು ಬರೆದರೆ ಹಿಬಾ ಕೆಟ್ಟಿತು. ನಮ್ಮಲ್ಲಿ ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ, ಆದರೂ ನೋಂದಾಯಿಸಿ. ಇಲ್ಲದಿದ್ದರೆ ಖಾತೆ ಬದಲಾಯಿಸುವಾಗ ತೊಡಕು. ಇನ್ನೊಂದು, ಆದ ಮದುವೆಯನ್ನೇ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸುವುದು. ಮೂವರು ಹೆಣ್ಣುಮಕ್ಕಳ ತಂದೆ, ಕಾಸರಗೋಡು ಜಿಲ್ಲೆಯ ವಕೀಲ ಸಿ. ಶುಕ್ಕೂರ್ ಅವರು ಪತ್ನಿ ಶೀನಾ ಜೊತೆ 2023ರ ಮಾರ್ಚ್ 8ರಂದು ಹಿಡಿದದ್ದು ಈ ದಾರಿ. 30 ದಿನದ ನೋಟಿಸ್ ಇರುತ್ತದೆ. ಆಮೇಲೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಿ ಹೆಂಡತಿಗೆ ಮೂರನೇ ಒಂದು, ಮಿಕ್ಕಿದ್ದೆಲ್ಲ ಮಕ್ಕಳಿಗೆ. ಬಂಧುಗಳ ಬಾಯಿಗೆ ಬೀಳಬೇಕಾದೀತು, ಇಬ್ಬರೂ ಕೂತು ಮಾತಾಡಿ ನಿರ್ಧರಿಸಿ. ನನ್ನನ್ನು ಕೇಳಿದರೆ ಹಿಬಾದಿಂದ ಶುರುಮಾಡಿ ಎನ್ನುತ್ತೇನೆ.

ಅಮ್ಮಿಯ ಟ್ರಂಕಿನಲ್ಲಿ ನಿಕಾಹ್‌ನಾಮಾ ಇರಬೇಕು. ಮಹರ್ ಎಷ್ಟು, ಅದರಲ್ಲಿ ಉಧಾರ್ ಎಷ್ಟು ಎಂದು ನೋಡಿ ನನಗೆ ಬರೆ. ಬಿಡುಗಡೆ ಪತ್ರದ ಪ್ರತಿಯನ್ನೂ ಕಳಿಸು.

ನಿನ್ನ ಖಾಲಾ